ಮೂಗಿನಲ್ಲೇ ನಿಲ್ಲುವ ಔಷಧವಲ್ಲ
ಕಟ್ಟಿದ ಮೂಗನ್ನು ಬಿಡಿಸುವ ಔಷಧ ಸ್ಯೂಡೋಎಫೆಡ್ರಿನ್ ಅನ್ನು ಯಾರು ಬೇಕಾದರೂ ನುಂಗಬಹುದಾದ ನೆಗಡಿ ಮಾತ್ರೆಯೆಂಬಂತೆ ನಿಮ್ಮಲ್ಲಿ ಪ್ರಕಟವಾದ ಲೇಖನ ಬಿಂಬಿಸಿರುವುದಕ್ಕೆ ನನ್ನ ಆಕ್ಷೇಪವಿದೆ. ಇದು ನರತುದಿಗಳಿಂದ ನಾರ್‌ಅಡ್ರಿನಾಲಿನ್ ಎಂಬ, ರಕ್ತನಾಳಗಳನ್ನು ಕುಗ್ಗಿಸುವ ರಾಸಾಯನಿಕ ಹೊರಬರುವಂತೆ ಮಾಡುತ್ತದೆ. ಮೂಗಿನ ಒಳಪೊರೆಯಲ್ಲಿ ಉಬ್ಬಿದ ರಕ್ತನಾಳಗಳು ಕುಗ್ಗಿ ಉಸಿರಾಟ ಸರಾಗವಾಗುತ್ತದೆ, ನಿಜ. ಆದರೆ ಅದೇ ಪರಿಣಾಮ ಮೈಯೆಲ್ಲ ಹರಡುತ್ತದೆ. ರಕ್ತದೊತ್ತಡ ಏರಬಹುದು, ಎದೆ ಡವಗುಟ್ಟಬಹುದು, ಮಲಗುವ ಮುಂಚೆ ತೆಗೆದುಕೊಂಡರೆ ನಿದ್ದೆ ಹತ್ತಿರ ಸುಳಿಯದಿರಬಹುದು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡವರಿಗೆ ಮೂತ್ರವೇ ಕಟ್ಟಿಕೊಳ್ಳುವ ಅಪಾಯವಿದೆ. ಖಿನ್ನತೆಗೆ ಎಂಎಒ ಪ್ರತಿಬಂಧಕ (ನಾರ್‌ಅಡ್ರಿನಾಲಿನ್‌ನಂಥವನ್ನು ಒಡೆಯುವ ಕಿಣ್ವವನ್ನು ತಡೆಯುವ ಔಷಧ) ಸೇವಿಸುತ್ತಿರುವವರು, ಅದನ್ನು ನಿಲ್ಲಿಸಿ 14 ದಿನ ಕಳೆಯದವರು ಇದನ್ನು ಮುಟ್ಟಲೇಬಾರದು. ವಯಸ್ಕರಿಗೆ ದಿನಕ್ಕೆ 240 ಮಿಲಿಗ್ರಾಂ ಮೇಲ್ಮಿತಿ. ಹಲವು ಸಂಯುಕ್ತ ಮಾತ್ರೆಗಳಲ್ಲೂ ಇದು ಅಡಗಿರುತ್ತದೆ, ದಯವಿಟ್ಟು ಲೇಬಲ್ ಓದಿ. ಬದಲಿಗೆ ಮೂಗುಕಟ್ಟಿಗೆಂದೇ ಮಾರುವ ಇನ್ನೊಂದು ಔಷಧ ಫಿನೈಲ್‌ಎಫ್ರಿನ್ ಮಾತ್ರೆ ನುಂಗಿದರಾಯಿತು ಎನ್ನುವ ಲೇಖನದ ಸಲಹೆಯನ್ನೂ ಒಪ್ಪಲಾರೆ: ನುಂಗಿದಾಗ ಅದು ಮೂಗಿನ ಕಟ್ಟನ್ನು ಬಿಡಿಸುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ 2023ರಲ್ಲೇ ಒಮ್ಮತದಿಂದ ಹೇಳಿದೆ.