ಬುದೆಲ್ಲಿಯ ಗುಲಾಬಿ ಬೀಚಿಗೆ ಇಳಿಯೋಕೆ ಬಿಡಲ್ಲ

"ಇಟಲಿಯ ಸಾರ್ಡೀನಿಯಾದಲ್ಲಿ ಯಾಟ್ ಬಾಡಿಗೆಗೆ ತಗೊಳ್ಳಿ, ಬುದೆಲ್ಲಿ ದ್ವೀಪದ ಗುಲಾಬಿ ಬೀಚಿನಲ್ಲಿ ಇಳಿದು ಈಜಿ, ನೆನಪಿಗೆ ಒಂದು ಹಿಡಿ ಮರಳು ತನ್ನಿ" ಎಂಬ ಮೆಸೇಜ್ ಓಡಾಡುತ್ತಿದೆ. ಯಾಟ್ ಬಾಡಿಗೆಗೆ ಸಿಗುವುದು ನಿಜ. ಉಳಿದದ್ದನ್ನು ನಂಬಬೇಡಿ.

ಬುದೆಲ್ಲಿ ಇರುವುದು 1994ರಲ್ಲಿ ಆದ ಲಾ ಮದ್ದಲೇನಾ ರಾಷ್ಟ್ರೀಯ ಉದ್ಯಾನದೊಳಗೆ. 1990ರ ದಶಕದಿಂದಲೂ ಆ ಬೀಚಿನ ಮೇಲೆ ಕಾಲಿಡುವಂತಿಲ್ಲ. ಎದುರಿನ ನೀರಿನಲ್ಲಿ ಈಜುವಂತಿಲ್ಲ, ಲಂಗರು ಹಾಕುವಂತೆಯೂ ಇಲ್ಲ. ದೂರದಿಂದ ನೋಡಬಹುದು, ಅಷ್ಟೇ.

ಇಷ್ಟು ಬಿಗಿ ಯಾಕೆ ಅಂದರೆ, ಆ ಗುಲಾಬಿ ಬಣ್ಣ ಕಲ್ಲಿನದಲ್ಲ. ನೀರಡಿಯ ಪೊಸಿಡೋನಿಯಾ ಹುಲ್ಲಿಗೆ ಅಂಟಿಕೊಂಡು ಮಿನಿಯಾಸಿನಾ ಎಂಬ ಪುಟ್ಟ ಜೀವಿ ಬೆಳೆಯುತ್ತದೆ. ಅದರ ಕೆಂಪು ಚಿಪ್ಪು ಒಡೆದು, ಅಲೆಗೆ ಸವೆದು, ಬಿಳಿ ಮರಳಿನಲ್ಲಿ ಬೆರೆಯುತ್ತದೆ. ಬಂದವರೆಲ್ಲ ಮರಳು ತುಂಬಿಕೊಂಡು ಹೋದರು. ಲಂಗರುಗಳು ಹುಲ್ಲನ್ನೇ ಕಿತ್ತವು. ಬಣ್ಣ ಮಾಸದೇ ಇರುತ್ತಾ?

ಇನ್ನು ಮರಳಿನ ವಿಷಯ. ಸಾರ್ಡೀನಿಯಾದ ಯಾವ ಬೀಚಿನಿಂದ ಮರಳು, ಚಿಪ್ಪು ತಂದರೂ 500ರಿಂದ 3,000 ಯೂರೋ ದಂಡ. ಈ ಕಾನೂನು 2017ರದ್ದು. ಸುಮ್ನೆ ಬೆದರಿಸೋ ಮಾತಲ್ಲ, ಏರ್‌ಪೋರ್ಟಿನಲ್ಲಿ ಬ್ಯಾಗಿನೊಳಗೆ ಮರಳಿನ ಬಾಟಲಿ ಸಿಕ್ಕಿ ಎಷ್ಟೋ ಜನ ದಂಡ ಕಟ್ಟಿದ್ದಾರೆ.

ಯಾಟ್‌ನಲ್ಲಿ ಉದ್ಯಾನದ ನೀರಿಗೆ ಹೋಗಲು ದುಡ್ಡು ಕಟ್ಟಿ ಪರವಾನಗಿ ಪಡೆಯಬೇಕು. ಅದು ಬಾಡಿಗೆಯಲ್ಲೇ ಸೇರಿದೆಯಾ ಅಂತ ಮೊದಲೇ ಕೇಳಿ. ಈಜಲೇಬೇಕು ಅನ್ನುವವರಿಗೆ ಹತ್ತಿರದ ಸ್ಪಾರ್ಜಿ ದ್ವೀಪದ ಕಾಲಾ ಕೊರ್ಸಾರಾ ಇದೆ.