ಹತ್ತದವರ ಪಾಡೇನು?

ಇನ್ನೊಂದು ದೊಡ್ಡ ರೋಲರ್ ಕೋಸ್ಟರ್ ಬಂದರೆ ಇಡೀ ಕುಟುಂಬ ಪಾರ್ಕಿಗೆ ಬರುತ್ತದೆ ಎಂದು ಮನರಂಜನಾ ಪಾರ್ಕುಗಳ ಕುರಿತ ಲೇಖನವೊಂದರಲ್ಲಿ ಓದಿದೆ. ಬರುತ್ತದೆ, ನಿಜ. ಅದನ್ನು ಹತ್ತುವವರು ಎಷ್ಟು ಮಂದಿ?

ಕಳೆದ ಬೇಸಿಗೆಯಲ್ಲಿ ಮುಂಬಯಿ ಬಳಿಯ ಡೊಂಬಿವಲಿಯಿಂದ ಮನೆಮಂದಿಯೆಲ್ಲ ಒಂದು ಪಾರ್ಕಿಗೆ ಹೋಗಿದ್ದೆವು (ಹೆಸರು ಬೇಡ). ಸರತಿಯ ತುದಿ ಮುಟ್ಟಿದ ಮೇಲೆ ಅಳತೆಪಟ್ಟಿ! ಮೊಮ್ಮಗನ ತಲೆ ಎರಡು ಬೆರಳು ಕೆಳಗಿತ್ತು. ಅಳು ನಿಲ್ಲಿಸಲು ಐಸ್‌ಕ್ರೀಮಿಗೂ ಆಗಲಿಲ್ಲ. ನಮ್ಮ ಅತ್ತೆಯವರಿಗೆ ಕಾದ ಸಿಮೆಂಟ್ ಕಟ್ಟೆಯ ಮೇಲೆ ಕುಳಿತು ಎಲ್ಲರ ಚಪ್ಪಲಿ, ಮೊಬೈಲು ಕಾಯುವ ಉದ್ಯೋಗ. ಅದಕ್ಕೂ ಟಿಕೆಟ್ ಬೇರೆ.

ಎತ್ತರದ ನಿಯಮ ಸುರಕ್ಷತೆಗಾಗಿ ಇದೆ, ಸಡಿಲಿಸಬಾರದು. ಆದರೆ ಟಿಕೆಟ್ ಕಿಟಕಿಯಲ್ಲೇ ಅಳೆದು ಮಗುವಿನ ಕೈಗೆ ಬಣ್ಣದ ಪಟ್ಟಿ ಕಟ್ಟಬಹುದಲ್ಲ? ಡಿಸ್ನಿ ಪಾರ್ಕುಗಳಲ್ಲಿ ತಂದೆ ಆಡಿ ಬರುವವರೆಗೆ ತಾಯಿ ಮಗುವಿನೊಡನೆ ಇದ್ದು, ಆಮೇಲೆ ಮತ್ತೆ ಪೂರ್ತಿ ಸರತಿ ನಿಲ್ಲದೆ ತಾನೂ ಆಡುವ ವ್ಯವಸ್ಥೆ ಇದೆ. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ವಾಲ್ಟ್ ಡಿಸ್ನಿಗೆ ಅಂಥ ಪಾರ್ಕಿನ ಯೋಚನೆ ಬಂದದ್ದೇ, ತನ್ನ ಹೆಣ್ಣುಮಕ್ಕಳು ಕುದುರೆ ಚಕ್ರದಲ್ಲಿ ಸುತ್ತುವಾಗ ತಾನು ಬೆಂಚಿನಲ್ಲಿ ಬೇಸತ್ತು ಕುಳಿತಿದ್ದಾಗ ಎಂದು ಆತನೇ ಹೇಳಿಕೊಂಡಿದ್ದಾನೆ.

1989ರಲ್ಲಿ ಮುಂಬಯಿಯ ಗೊರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ಪಾರ್ಕು ಶುರುವಾಗಿತ್ತು. ಅಲ್ಲಿಗೆ ಖಾಡಿ (ಕಡಲ ಹಿನ್ನೀರು) ದಾಟುವ ದೋಣಿಯಲ್ಲಿ ಅಜ್ಜಿಗೂ ಪಾಲಿತ್ತು, ಕೈಗೂಸಿಗೂ ಪಾಲಿತ್ತು. ಅಂಥ ನಿಧಾನದ ಆಟಗಳು ಬೇಕು. ಮುಂಬಯಿ-ಪುಣೆ ದಾರಿಯ ಖೊಪೋಲಿ ಕಡೆಯ ಪಾರ್ಕುಗಳಲ್ಲಿ ಮಳೆಗೆ ಮಾಡಿನಡಿಯ ಪ್ರದರ್ಶನಗಳೂ ಬೇಕು. ಶೌಚಾಲಯದ ಮೆಟ್ಟಿಲಿಗೆ ಹಿಡಿಕೆ ಹಾಕಿಸಲು ಕೋಸ್ಟರಿನಷ್ಟು ಬಂಡವಾಳವೇನೂ ಬೇಡ.