ಮುಳ್ಳು ಕಮ್ಮಿ ಇರೋ ಮೀನು

ತೋಟದ ತಗ್ಗಿನಲ್ಲಿ ಅರ್ಧ ಎಕರೆ ಕೆರೆ ತೋಡಿಸಿದ್ದು ರೊಬಸ್ಟಾ ಕಾಫಿ ಗಿಡಕ್ಕೆ, ಮೀನಿಗಲ್ಲ. ಸಕಲೇಶಪುರದ ಕಡೆ ಹೂ ಅರಳಿಸುವ ಹೂಮಳೆ ನಂಬಿ ಕೂತವನ ಕಾಫಿ ಮೊಗ್ಗಿನಲ್ಲೇ ಮುಗಿಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹೊಡೆಯಲು ನೀರು ಬೇಕೇ ಬೇಕು. ಆದರೆ ಆಷಾಢದ ಮಳೆಗೆ ಕೆರೆ ತುಂಬಿದ್ದೇ ತಡ, ಬಂದವರದ್ದೆಲ್ಲ ಒಂದೇ ಪ್ರಶ್ನೆ: "ಮೀನು ಬಿಡ್ಲಿಲ್ವಾ ಮಾರಾಯ?"

ಯಾವ ಮೀನು ಬಿಡಲಿ ಅಂತ ಮನೆಯಲ್ಲಿ ಕೇಳಿದ್ದು ನನ್ನ ತಪ್ಪು.

"ಮುಳ್ಳು ಕಮ್ಮಿ ಇರೋದು ಬಿಡೋ," ಅಂದಳು ಅಮ್ಮ. ಚಿಕ್ಕಪ್ಪನಿಗೆ ಹುಲ್ಲುಗೆಂಡೆ ಬೇಕು, ಕೆರೆಯ ಹುಲ್ಲು ತಿನ್ನುತ್ತೆ, ಎರಡು ಆಳು ಉಳೀತು ಅಂತ. ಜಿಲೇಬಿ ಮೀನು ಅನ್ನುವ ಹೆಸರು ಕೇಳಿಯೇ ಮಗಳು ಕುಣಿದಳು. ಅದು ಮರಿ ಹಾಕುವ ವೇಗಕ್ಕೆ ಕೆರೆ ತುಂಬಾ ಬೆರಳುದ್ದದ ಮೀನೇ ಆಗುತ್ತದೆ ಅಂದರೂ ಕೇಳಲಿಲ್ಲ. ಬಾವನದ್ದು ಕೊರವ ಮೀನು. ರುಚಿ ಹೌದು, ಮುಳ್ಳೂ ಕಮ್ಮಿ. ಆದರೆ ಪಕ್ಕದ ಮೀನನ್ನೆಲ್ಲ ನುಂಗಿ ತಾನೊಂದೇ ಕೊಬ್ಬುವ ಜಾತಿ. ಬಾವ ಅದನ್ನೇ ಯಾಕೆ ಮೆಚ್ಚಿದರು ಅನ್ನುವುದು ಹಬ್ಬದ ದಿನ ಅವರ ಜೊತೆ ಊಟಕ್ಕೆ ಕೂತವರಿಗೆ ಗೊತ್ತು.

ಕೊನೆಗೆ ನಾನೇ ಓದಿ ಲೆಕ್ಕ ಹಾಕಿದೆ. ಹೆಕ್ಟೇರಿಗೆ 5,000 ಮರಿ, ಅಂದರೆ ನಮಗೆ 1,000. ಕಾಟ್ಲಾ ಮೇಲ್ನೀರಿನದು, ರೋಹು ನಡುವಿನದು, ಮೃಗಾಲ್ ತಳದ್ದು. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರಿಂದ ಆಗದ್ದು ಕೆರೆಯಲ್ಲಾದರೂ ಆಗಲಿ ಅನ್ನಿಸಿತು. ಚಿಕ್ಕಪ್ಪನ ಸಮಾಧಾನಕ್ಕೆ ನೂರು ಹುಲ್ಲುಗೆಂಡೆ.

ಮರಿ ತಂದ ಪುಣ್ಯಾತ್ಮ ಲೋಟದಲ್ಲಿ ಅಳೆದು ಕೊಟ್ಟ. ಬೆರಳಿನುದ್ದ ಕೂಡ ಇಲ್ಲದ ಬೆಳ್ಳಗಿನ ಎಳೆ ಜೀವಗಳು. ಯಾವುದು ಕಾಟ್ಲಾ, ಯಾವುದು ರೋಹು, ಅವುಗಳ ಅಮ್ಮನೇ ಹೇಳಬೇಕು. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕಾಲು ಗಂಟೆ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬಂದ ಮೇಲೆ ಬಾಯಿ ಬಿಚ್ಚಿದೆ. ನನ್ನ ಮಗಳನ್ನು ಮೊದಲ ದಿನ ಅಂಗನವಾಡಿಗೆ ಬಿಟ್ಟಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ. ಮರುದಿನ ಬೆಳಿಗ್ಗೆ ಬೇಲಿ ಕಂಬದ ಮೇಲೆ ನಾಲ್ಕು ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿದ್ದವು. ಊಟ ಆಗಿತ್ತು.

ಸಂಕ್ರಾಂತಿಯ ಹೊತ್ತಿಗೆ ನೀರು ಕೆಂಪಗೆ ಕದಡಿತು. ಮಳೆಯಿಲ್ಲ, ದನ ಇಳಿದಿಲ್ಲ. ಬಲೆ ಬೀಸಿದರೆ ಸಿಕ್ಕ ಹತ್ತರಲ್ಲಿ ಎಂಟಕ್ಕೆ ಬಾಯಿಯ ಪಕ್ಕ ಮೀಸೆ. ಸಾಮಾನ್ಯ ಗೆಂಡೆ! ಅನ್ನ ಹುಡುಕುತ್ತಾ ತಳದ ಕೆಸರು ಕೆದಕುವುದೇ ಅದರ ಕಸುಬು. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಹಾಕುವುದಿಲ್ಲ; ಇದಕ್ಕೆ ಅಂಥ ನಾಚಿಕೆ ಇಲ್ಲ, ನೀರಿನ ಜೊಂಡು ಸಿಕ್ಕರೆ ಸಾಕು, ಆರು ತಿಂಗಳಿಗೇ ಸಂಸಾರ.

ಫೆಬ್ರವರಿ ಕೊನೆಯಾದರೂ ಮಳೆ ಇಲ್ಲ. ಸ್ಪ್ರಿಂಕ್ಲರ್ ಶುರು ಮಾಡಿದ ಅರ್ಧ ಗಂಟೆಗೆ ಮೇಲಿನ ಜೆಟ್ ಕೆಮ್ಮಿತು, ನಿಂತಿತು. ಕಾಫಿ ಅರ್ಧಂಬರ್ಧ ನೆನೆದರೆ ಮೊಗ್ಗು ಕೆಡುತ್ತದೆ. ಬಿಚ್ಚಿ ನೋಡಿದರೆ ನಾಝಲ್ ತುಂಬಾ ಕೆಸರು. ಕೆರೆಯೊಳಗೆ ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಸೊಳ್ಳೆ ಪರದೆ ಸುತ್ತಿದೆ. ಹತ್ತು ನಿಮಿಷಕ್ಕೆ ಅದಕ್ಕೂ ಜೊಂಡು, ಕೆಸರು, ಗೆಂಡೆಯ ಎಳೆ ಮರಿ ಮೆತ್ತಿಕೊಂಡವು. ಆಮೇಲೆ ನಾನೇ ಎದೆಮಟ್ಟ ನೀರಿಗಿಳಿದು ಎರಡು ಕೈಯಲ್ಲಿ ಪರದೆ ಒರೆಸುತ್ತಾ ನಿಂತೆ. ನಾನು ಒರೆಸುವುದು ನಿಲ್ಲಿಸಿದರೆ ಮೇಲೆ ಜೆಟ್ ನಿಲ್ಲುತ್ತದೆ, ಕೂಡಲೇ ಚಿಕ್ಕಪ್ಪ ತೋಟದೊಳಗಿಂದ ಕೂಗುತ್ತಾರೆ. ಕಾಲ ಸಂದಿಯಲ್ಲಿ ಮೀಸೆಯವು ಓಡಾಡುತ್ತಿವೆ. ಚಿಕ್ಕಪ್ಪನ ಹುಲ್ಲುಗೆಂಡೆಯ ಸುಳಿವೇ ಇಲ್ಲ. ಹುಲ್ಲು ಮಾತ್ರ ಸೊಂಟದವರೆಗೆ.

ಮಧ್ಯಾಹ್ನ ಅಮ್ಮ ಕಾಫಿ ಲೋಟ ಹಿಡಿದುಕೊಂಡು ಏರಿಯ ಮೇಲೆ ಬಂದು ನಿಂತಳು. ಲೋಟದಲ್ಲಿದ್ದದ್ದಕ್ಕೂ ಕೆರೆಯಲ್ಲಿದ್ದದ್ದಕ್ಕೂ ಬಣ್ಣ ಒಂದೇ. ನನ್ನನ್ನು ಒಮ್ಮೆ, ನೀರನ್ನು ಒಮ್ಮೆ ನೋಡಿದಳು.

"ಹೆಂಗೂ ಇಳಿದಿದ್ದೀಯಲ್ಲಪ್ಪ," ಅಂದಳು, "ಮುಳ್ಳು ಕಮ್ಮಿ ಇರೋದು ಎರಡು ಹಿಡ್ಕೊಂಡು ಬಾ."